ಅಂಗಡಿಯೋ, ಆನ್‌ಲೈನೋ? ಹೆಲ್ಮೆಟ್ ಕೊಳ್ಳುವವರ ಹೊಣೆಗಾರಿಕೆ



ನಿಮ್ಮ ಮನೆಗೆ ಹೊಸ ಬೈಕು ಬಂದ ದಿನವನ್ನು ಸ್ವಲ್ಪ ನೆನಪಿಸಿಕೊಳ್ಳಿ. ಯಾವ ಕಂಪೆನಿಯದು ಒಳ್ಳೆಯದು, ಎಷ್ಟು ಮೈಲೇಜು ಕೊಡುತ್ತದೆ, ಯಾವ ಬಣ್ಣ ಚೆನ್ನ ಎಂದು ಮನೆಮಂದಿಯೆಲ್ಲ ವಾರಗಟ್ಟಲೆ ಚರ್ಚಿಸಿರುತ್ತೀರಿ. ಮೂರು ನಾಲ್ಕು ಷೋರೂಮುಗಳನ್ನು ಸುತ್ತಿರುತ್ತೀರಿ. ತಿಳಿದವರನ್ನು ವಿಚಾರಿಸಿರುತ್ತೀರಿ. ಕೊನೆಗೆ ಲಕ್ಷ ರೂಪಾಯಿ ಕೊಟ್ಟು ಬೈಕು ತಂದಿರುತ್ತೀರಿ.

ಆದರೆ ಹೆಲ್ಮೆಟ್ ಕೊಳ್ಳುವಾಗ ಏನಾಯಿತು? ರಸ್ತೆ ಬದಿಯಲ್ಲಿ ಹಗ್ಗಕ್ಕೆ ತೂಗು ಹಾಕಿದ್ದವುಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದೊಂದನ್ನು ಎತ್ತಿಕೊಂಡು ಬಂದಿರುತ್ತೀರಿ. ಇಲ್ಲವೇ ರಾತ್ರಿ ಮಲಗುವ ಮುನ್ನ ಮೊಬೈಲಿನಲ್ಲಿ ಚಿತ್ರ ನೋಡಿ ಒಂದನ್ನು ತರಿಸಿರುತ್ತೀರಿ. ಪೊಲೀಸರ ಕಣ್ಣಿಗೆ ತಲೆಯ ಮೇಲೆ ಏನೋ ಒಂದು ಕಂಡರೆ ಸಾಕು ಎಂಬುದೇ ನಮ್ಮಲ್ಲಿ ಅನೇಕರ ಲೆಕ್ಕಾಚಾರ. ಬೈಕಿಗೆ ಲಕ್ಷ, ತಲೆಗೆ ಇನ್ನೂರು! ಈ ಲೆಕ್ಕ ಸರಿಯೇ ಎಂದು ನಾವು ಎಂದಾದರೂ ಯೋಚಿಸಿದ್ದೇವೆಯೇ?

ಸವಾರಿಯ ರಕ್ಷಣಾ ಸಾಮಗ್ರಿಗಳನ್ನು ಊರಿನ ಅಂಗಡಿಯಲ್ಲಿ ಕೊಳ್ಳುವುದು ಒಳ್ಳೆಯದೋ ಆನ್‌ಲೈನಿನಲ್ಲಿ ತರಿಸುವುದು ಒಳ್ಳೆಯದೋ ಎಂದು ಯುವಕರು ಆಗಾಗ ಕೇಳುತ್ತಾರೆ. ಮೇಲ್ನೋಟಕ್ಕೆ ಇದು ಬೆಲೆಯ ಪ್ರಶ್ನೆ. ಆಳವಾಗಿ ನೋಡಿದರೆ ಇದರಲ್ಲಿ ಎರಡು ಅಮಾನತ್ತುಗಳು ಅಡಗಿವೆ. ಒಂದು, ಅಲ್ಲಾಹನು ನಮಗೆ ಒಪ್ಪಿಸಿರುವ ಜೀವ. ಇನ್ನೊಂದು, ವ್ಯಾಪಾರದಲ್ಲಿ ನಮ್ಮ ಎದುರಿಗಿರುವವನ ಹಕ್ಕು. ಈ ಎರಡನ್ನೂ ಕಾಪಾಡುವ ದಾರಿ ಯಾವುದು ಎಂಬುದನ್ನು ಪರಿಶೀಲಿಸೋಣ.

ಒಂಟೆಯನ್ನು ಕಟ್ಟಿದ ಬಳಿಕವೇ ಭರವಸೆ

"ಆಯುಷ್ಯ ಎಷ್ಟಿದೆಯೋ ಅಷ್ಟೇ. ಹೆಲ್ಮೆಟ್ ಹಾಕಿದರೆ ಸಾವು ತಪ್ಪುತ್ತದೆಯೇ?" ಎಂದು ವಾದಿಸುವವರಿದ್ದಾರೆ. ತನ್ನ ಒಂಟೆಯನ್ನು ಕಟ್ಟಿ ಅಲ್ಲಾಹನ ಮೇಲೆ ಭರವಸೆಯಿಡಲೇ, ಕಟ್ಟದೆ ಬಿಟ್ಟು ಭರವಸೆಯಿಡಲೇ ಎಂದು ಒಬ್ಬರು ಪ್ರವಾದಿ ಮುಹಮ್ಮದ್(ಸ)ರಲ್ಲಿ ಕೇಳಿದಾಗ, ಮೊದಲು ಕಟ್ಟು, ಬಳಿಕ ಭರವಸೆಯಿಡು ಎಂಬ ಅರ್ಥದ ಉತ್ತರ ದೊರೆತ ಸಂಗತಿ ತಿರ್ಮಿದಿಯಲ್ಲಿ ವರದಿಯಾಗಿದೆ. ವಿಧಿಯಲ್ಲಿ ವಿಶ್ವಾಸವಿರುವುದೆಂದರೆ ಎಚ್ಚರಿಕೆಯನ್ನು ಕೈಬಿಡುವುದೆಂದು ಅರ್ಥವಲ್ಲ. ಮನುಷ್ಯನ ಪಾಲಿನ ಪ್ರಯತ್ನವನ್ನು ಪೂರ್ತಿ ಮಾಡಿ ಫಲವನ್ನು ಅಲ್ಲಾಹನಿಗೆ ಬಿಡುವುದೇ ತವಕ್ಕುಲ್.

ನಮ್ಮ ದೇಶದ ರಸ್ತೆಗಳ ಸ್ಥಿತಿಯನ್ನು ನೋಡಿ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಹೆಲ್ಮೆಟ್ ಧರಿಸದೆ ಸತ್ತವರು 50,029 ಮಂದಿ. ಈ ಐವತ್ತು ಸಾವಿರದಲ್ಲಿ 14,337 ಮಂದಿ ಹಿಂದೆ ಕುಳಿತವರು! ಹಿಂದೆ ಕುಳಿತವರೆಂದರೆ ಯಾರು? ಅನೇಕ ಮನೆಗಳಲ್ಲಿ ಅದು ಹೆಂಡತಿ, ತಾಯಿ, ತಂಗಿ ಅಥವಾ ಮಗ. ಬೈಕು ಓಡಿಸುವವನು ತನಗೊಂದು ಹೆಲ್ಮೆಟ್ ಕೊಂಡು, ಹಿಂದೆ ಕುಳಿತವರ ತಲೆಯನ್ನು ಮರೆತಿರುತ್ತಾನೆ.

ಹೆಲ್ಮೆಟಿನ ಪ್ರಯೋಜನದ ಬಗ್ಗೆ ಜಗತ್ತಿನ ವಿವಿಧೆಡೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಕಾಕ್ರೇನ್ ಪರಿಶೀಲನೆಯೊಂದು, ಹೆಲ್ಮೆಟ್ ಧರಿಸುವುದರಿಂದ ಅಪಘಾತದಲ್ಲಿ ಸಾವಿನ ಅಪಾಯ ಸುಮಾರು ಶೇಕಡಾ 42ರಷ್ಟು ಹಾಗೂ ತಲೆಗೆ ಪೆಟ್ಟಾಗುವ ಅಪಾಯ ಸುಮಾರು ಶೇಕಡಾ 69ರಷ್ಟು ಕಡಿಮೆಯಾಗುತ್ತದೆಂದು ತಿಳಿಸಿದೆ. ಆದರೆ ಇದು ನಿಜವಾದ ಹೆಲ್ಮೆಟಿನ ಮಾತು. ಹೆಲ್ಮೆಟಿನಂತೆ ಕಾಣುವ ಪ್ಲಾಸ್ಟಿಕ್ ಟೋಪಿಗೆ ಇದು ಅನ್ವಯಿಸದು.

ರಾಶಿಯೊಳಗೆ ಕೈ ಹಾಕಿ ನೋಡುವುದು

ಪ್ರವಾದಿ(ಸ)ಯವರು ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ಬಂದರು. ರಾಶಿಯೊಳಗೆ ಕೈ ಹಾಕಿದಾಗ ಬೆರಳುಗಳಿಗೆ ತೇವ ತಗುಲಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ಅವರು ಪ್ರಶ್ನಿಸಿದರು. ವಂಚಿಸುವವನಿಗೂ ತಮಗೂ ಸಂಬಂಧವಿಲ್ಲವೆಂದು ಎಚ್ಚರಿಸಿದರು. ಅಬೂ ಹುರೈರಾ(ರ) ವರದಿ ಮಾಡಿರುವ ಈ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ.

ಹೆಲ್ಮೆಟ್ ಕೂಡಾ ಆ ರಾಶಿಯಂತೆಯೇ. ಹೊರಗೆ ಹೊಳೆಯುವ ಬಣ್ಣ, ಒಳಗೆ ಏನಿದೆಯೋ ಕಾಣದು. ಹೆಲ್ಮೆಟಿನ ಕೆಲಸ ನಡೆಯುವುದು ಮುಖ್ಯವಾಗಿ ಆ ಕಾಣದ ಭಾಗದಲ್ಲಿ. ಹೊರಗಿನ ಗಟ್ಟಿ ಚಿಪ್ಪು ಪೆಟ್ಟನ್ನು ಹರಡುತ್ತದೆ ಮತ್ತು ಚೂಪಾದ ವಸ್ತು ಒಳಗೆ ನುಗ್ಗದಂತೆ ತಡೆಯುತ್ತದೆ. ಅದರೊಳಗಿನ ದಪ್ಪ ಥರ್ಮೋಕೋಲ್ ಪದರವು ತಾನು ನಜ್ಜುಗುಜ್ಜಾಗಿ ಪೆಟ್ಟಿನ ಬಲವನ್ನು ಹೀರಿಕೊಳ್ಳುತ್ತದೆ. ಅದಕ್ಕೂ ಒಳಗಿರುವ ಮೆತ್ತನೆಯ ಸ್ಪಂಜು ಹಿತಕ್ಕಾಗಿ ಮಾತ್ರ; ಅದು ತಲೆಯನ್ನು ಕಾಯುವುದಿಲ್ಲ. ಅಗ್ಗದ ಹೆಲ್ಮೆಟ್‌ಗಳಲ್ಲಿ ಅನೇಕ ವೇಳೆ ತೆಳು ಪ್ಲಾಸ್ಟಿಕ್ ಮತ್ತು ಸ್ಪಂಜು ಮಾತ್ರ ಇರುತ್ತದೆ, ನಡುವೆ ಇರಬೇಕಾದದ್ದೇ ಇರುವುದಿಲ್ಲ. ಹೀಗೆ ನಜ್ಜುಗುಜ್ಜಾದ ಪದರ ಮತ್ತೆ ಮೊದಲಿನಂತಾಗದು. ಆದುದರಿಂದಲೇ ಒಮ್ಮೆ ಅಪಘಾತಕ್ಕೆ ಒಳಗಾದ ಹೆಲ್ಮೆಟ್, ಹೊರಗೆ ಒಂದು ಗೀರು ಮಾತ್ರ ಕಂಡರೂ, ಮತ್ತೆ ಬಳಸಲು ಯೋಗ್ಯವಲ್ಲ. ಯಾರೋ ಬಳಸಿದ, ಪೂರ್ವಚರಿತ್ರೆ ತಿಳಿಯದ ಹೆಲ್ಮೆಟನ್ನು ಕೊಳ್ಳಬಾರದು.

ಹಿಂದಿನ ಮುಸ್ಲಿಮ್ ನಗರಗಳಲ್ಲಿ ಪೇಟೆಯ ತೂಕ ಅಳತೆಗಳನ್ನು ಪರಿಶೀಲಿಸಲು ಮುಹ್ತಸಿಬ್ ಎಂಬ ಅಧಿಕಾರಿ ಇರುತ್ತಿದ್ದನು. ಇಂದು ಸಾಮಾನ್ಯ ಗ್ರಾಹಕನ ಪರವಾಗಿ ರಾಶಿಯೊಳಗೆ ಕೈ ಹಾಕಿ ನೋಡುವ ಕೆಲಸವನ್ನು ನಮ್ಮ ದೇಶದಲ್ಲಿ ಭಾರತೀಯ ಮಾನಕ ಬ್ಯೂರೋ ಮಾಡುತ್ತದೆ. ದ್ವಿಚಕ್ರ ಸವಾರರ ಹೆಲ್ಮೆಟ್‌ಗೆ ಅದು ನಿಗದಿಪಡಿಸಿದ ಮಾನದಂಡದ ಹೆಸರು ಐಎಸ್ 4151. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಕಾನೂನುಬಾಹಿರವಾಗಿದೆ. ಆದರೆ ಐಎಸ್‌ಐ ಚೀಟಿಯನ್ನೇ ನಕಲು ಮಾಡಿ ಅಂಟಿಸುವವರೂ ಇದ್ದಾರೆ. ಆದುದರಿಂದ ಗುರುತನ್ನು ಕಂಡ ಕೂಡಲೇ ತೃಪ್ತಿಪಡಬೇಡಿ. ಗುರುತಿನ ಮೇಲ್ಗಡೆ ಐಎಸ್ 4151 ಎಂಬ ಸಂಖ್ಯೆಯೂ ಕೆಳಗಡೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಬ್ಯೂರೋದ 'ಬಿಐಎಸ್ ಕೇರ್' ಎಂಬ ಮೊಬೈಲ್ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಪರವಾನಗಿ ಯಾರದು, ಅದು ಜಾರಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಎರಡು ನಿಮಿಷದ ಕೆಲಸ. ಅಂಗಡಿಯ ಮಾಲಿಗೂ ಪಾರ್ಸೆಲಿನಲ್ಲಿ ಬಂದ ಮಾಲಿಗೂ ಇದು ಸಮಾನ ಪರೀಕ್ಷೆ.

ತಲೆಗೆ ತಕ್ಕ ಅಳತೆ

ಒಳ್ಳೆಯ ಹೆಲ್ಮೆಟ್ ಕೂಡಾ ಅಳತೆಗೆ ಸರಿಯಾಗಿಲ್ಲದಿದ್ದರೆ ಆಪತ್ತಿನ ಕ್ಷಣದಲ್ಲಿ ತಲೆಯಿಂದ ಹಾರಿಹೋಗಬಹುದು. ದರ್ಜಿಯ ಟೇಪಿನಿಂದ ಹುಬ್ಬಿಗಿಂತ ಸುಮಾರು ಒಂದು ಇಂಚು ಮೇಲೆ, ತಲೆಯ ಹಿಂಬದಿಯ ಅತ್ಯಂತ ಉಬ್ಬಿದ ಭಾಗವನ್ನು ಸುತ್ತಿ ಅಳೆಯಿರಿ. ಬಂದ ಸೆಂಟಿಮೀಟರನ್ನು ಕಂಪೆನಿಯ ಅಳತೆಪಟ್ಟಿಯೊಂದಿಗೆ ಹೋಲಿಸಿ. ಒಂದು ಕಂಪೆನಿಯ ಮೀಡಿಯಂ ಇನ್ನೊಂದರ ಲಾರ್ಜ್ ಆಗಿರಬಹುದು.

ಅಳತೆ ಒಂದೇ ಇದ್ದರೂ ತಲೆಯ ಆಕಾರ ಬೇರೆ ಬೇರೆ. ಕೆಲವರದು ದುಂಡು, ಕೆಲವರದು ಉದ್ದನೆ. ಹೀಗಾಗಿ ಹಾಕಿ ನೋಡಲೇಬೇಕು. ಕೆನ್ನೆಗಳು ತುಸು ಒತ್ತಿದಂತಿರಬೇಕು. ತಲೆಯನ್ನು ಅಲ್ಲಾಡಿಸಿದಾಗ ಹೆಲ್ಮೆಟ್ ತಲೆಯೊಂದಿಗೇ ತಿರುಗಬೇಕು. ಬಕಲ್ ಹಾಕಿ, ಹಿಂಬದಿಯಿಂದ ಮೇಲಕ್ಕೆತ್ತಿ ಮುಂದಕ್ಕೆ ತಳ್ಳಿದರೆ ಕಳಚಿ ಬರಬಾರದು. ಹತ್ತು ನಿಮಿಷ ಹಾಕಿಕೊಂಡೇ ಇರಿ. ಹಣೆಯ ಒಂದೇ ಕಡೆ ನೋವು ಕಾಣಿಸಿದರೆ ಅದು ನಿಮ್ಮ ತಲೆಯ ಆಕಾರಕ್ಕೆ ಹೊಂದುವುದಿಲ್ಲ.

ನಮ್ಮ ಸಹೋದರಿಯರು ಇನ್ನೊಂದು ವಿಷಯವನ್ನು ಗಮನಿಸಬೇಕು. ಸ್ಕಾರ್ಫ್ ಧರಿಸುವವರು ಹೆಲ್ಮೆಟಿನ ಅಳತೆಯನ್ನೂ ಸ್ಕಾರ್ಫ್ ಧರಿಸಿಯೇ ನೋಡಬೇಕು. ಹೆಲ್ಮೆಟಿನ ಒಳಗೆ ತೆಳುವಾದ, ಗಂಟಿಲ್ಲದ ಬಟ್ಟೆ ಒಳಿತು. ತಲೆಯ ಭಾಗದಲ್ಲಿ ಪಿನ್ನುಗಳಿರುವುದು ಅಪಾಯಕಾರಿ. ಟೋಪಿ ಧರಿಸುವ ಪುರುಷರಿಗೂ ಇದೇ ಮಾತು ಅನ್ವಯಿಸುತ್ತದೆ. ಟೋಪಿ ಅಥವಾ ಬುರ್ಖಾ ಇದ್ದರೆ ಹೆಲ್ಮೆಟ್ ಬೇಡವೆಂದು ಕೆಲವರು ಭಾವಿಸಿದ್ದಾರೆ. 1988ರ ಮೋಟಾರು ವಾಹನ ಕಾಯಿದೆಯ 129ನೇ ಕಲಮಿನಲ್ಲಿ ಪೇಟ ಧರಿಸಿದ ಸಿಖ್ಖರಿಗೆ ವಿನಾಯಿತಿ ಇದೆ. ನಮ್ಮ ಟೋಪಿಗೂ ಬುರ್ಖಾಕ್ಕೂ ಅಂತಹ ವಿನಾಯಿತಿ ಇಲ್ಲ. ನಾಲ್ಕು ವರ್ಷಕ್ಕಿಂತ ಮೇಲ್ಪಟ್ಟ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ. 2023ರ ಫೆಬ್ರವರಿ 15ರಿಂದ ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೂ ತಲೆಗೆ ಹೊಂದುವ ಹೆಲ್ಮೆಟ್ ಮತ್ತು ಸವಾರನಿಗೆ ಕಟ್ಟುವ ಸುರಕ್ಷತಾ ಪಟ್ಟಿ ಇರಬೇಕೆಂದೂ, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದೆಂದೂ ನಿಯಮವಾಗಿದೆ.

ಅಂಗಡಿಯ ಒಳಿತು ಕೆಡುಕು

ಮೇಲೆ ಹೇಳಿದ ಪರೀಕ್ಷೆಗಳನ್ನೆಲ್ಲ ಹಣ ಕೊಡುವ ಮೊದಲೇ ಮಾಡಲು ಸಾಧ್ಯವಾಗುವುದು ಅಂಗಡಿಯಲ್ಲಿ ಮಾತ್ರ. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಕಡೆ ಸಾಲು ಸಾಲು ಅಂಗಡಿಗಳಿವೆ. ಸಣ್ಣ ಊರುಗಳಲ್ಲೂ ಒಂದೆರಡಾದರೂ ಇರುತ್ತವೆ. ಅನುಭವಿ ಅಂಗಡಿಯವನು ಮುಖ ನೋಡಿಯೇ ಅಳತೆ ಹೇಳುತ್ತಾನೆ. ಮುಂದೆ ಗಾಜು ಒಡೆದರೆ, ಬಕಲ್ ಸಡಿಲವಾದರೆ ಅವನ ಬಳಿಗೇ ಹೋಗಬಹುದು. ಅವನಿಗೂ ನಮಗೂ ಮುಖಪರಿಚಯವಿರುತ್ತದೆ; ಮಸೀದಿಯಲ್ಲೋ ಸಂತೆಯಲ್ಲೋ ಮತ್ತೆ ಭೇಟಿಯಾಗಬೇಕಾದವನು ಮೋಸ ಮಾಡಲು ಅಂಜುತ್ತಾನೆ.

ಆದರೆ ಅಂಗಡಿಯೆಂದ ಮಾತ್ರಕ್ಕೆ ಎಲ್ಲವೂ ಸರಿಯಿರುತ್ತದೆಂದು ಭಾವಿಸಬಾರದು. ಬಿಲ್ಲು ಕೊಡಲು ಹಿಂಜರಿಯುವವರಿದ್ದಾರೆ. ವರ್ಷಗಟ್ಟಲೆ ಬಿಸಿಲಿಗೆ ತೂಗಿದ ಹಳೆಯ ಮಾಲನ್ನು ಹೊಸದೆಂದು ಕೊಡುವವರಿದ್ದಾರೆ. ನಮ್ಮ ಓದುಗರಲ್ಲಿ ಅಂಗಡಿಯವರೂ ಇದ್ದೀರಿ. ನಿಮ್ಮೊಂದಿಗೆ ಒಂದು ಮಾತು: ನೆನೆದ ಧಾನ್ಯ ಕೊಂಡವನಿಗೆ ಹಣ ಮಾತ್ರ ನಷ್ಟ. ನಕಲಿ ಹೆಲ್ಮೆಟ್ ಕೊಂಡವನು ತನ್ನ ತಲೆಯನ್ನೇ ಅದಕ್ಕೆ ಒಪ್ಪಿಸುತ್ತಾನೆ. ಗಿರಾಕಿ ಅಗ್ಗದ್ದನ್ನೇ ಕೇಳುತ್ತಾನೆಂಬ ನೆಪ ನಿಮ್ಮನ್ನು ಪರಲೋಕದ ವಿಚಾರಣೆಯಿಂದ ಪಾರುಮಾಡುವುದೇ?

ಆನ್‌ಲೈನಿನ ಒಳಿತು ಕೆಡುಕು

ಆನ್‌ಲೈನಿನಲ್ಲಿ ಆಯ್ಕೆ ವಿಶಾಲವಾಗಿದೆ. ಸಣ್ಣ ಊರಿನಲ್ಲಿ ಮಕ್ಕಳ ಹೆಲ್ಮೆಟ್, ಮಗುವಿನ ಸುರಕ್ಷತಾ ಪಟ್ಟಿ, ತೀರಾ ದೊಡ್ಡ ಅಥವಾ ಸಣ್ಣ ಅಳತೆಗಳು ಸಿಗುವುದು ಕಷ್ಟ. ಭುಜ ಮತ್ತು ಮೊಣಕೈಗೆ ರಕ್ಷಾಫಲಕವಿರುವ ಜಾಕೆಟ್, ಗ್ಲೌಸ್, ಹರಡನ್ನು ಕಾಯುವ ಬೂಟುಗಳು ಇನ್ನೂ ಅಪರೂಪ. ದೂರದ ಪ್ರಯಾಣ ಮಾಡುವವರು, ದಿನವಿಡೀ ಬೈಕಿನ ಮೇಲೆಯೇ ದುಡಿಯುವವರು ಇವುಗಳನ್ನು ತರಿಸಿಕೊಂಡರೆ ತಪ್ಪೇನೂ ಇಲ್ಲ. ಅಂತಹ ಜಾಕೆಟಿನ ಒಳಗಿನ ಫಲಕದ ಮೇಲೆ ಇಎನ್ 1621 ಎಂಬ ಯುರೋಪಿನ ಮಾನದಂಡದ ಗುರುತಿದೆಯೇ ಎಂದು ನೋಡಿ. ಗುರುತಿಲ್ಲದ ಸ್ಪಂಜು ಬರೇ ಸ್ಪಂಜು.

ಅಪಾಯವಿರುವುದು ಕಾಣದೆ ಕೊಳ್ಳುವುದರಲ್ಲಿ. ಹೆಸರಾಂತ ಜಾಲತಾಣದಲ್ಲಿ ಕೊಂಡರೂ ಮಾರುವವನು ಬೇರೊಬ್ಬನಾಗಿರಬಹುದು. ಐಎಸ್‌ಐ ಗುರುತಿಲ್ಲದ ಹೆಲ್ಮೆಟ್, ಪ್ರೆಷರ್ ಕುಕ್ಕರ್ ಮತ್ತು ಅಡುಗೆ ಅನಿಲದ ಸಿಲಿಂಡರ್‌ಗಳನ್ನು ಕೊಳ್ಳದಂತೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2021ರ ಡಿಸೆಂಬರಿನಲ್ಲಿ ಸಾರ್ವಜನಿಕರನ್ನು ಎಚ್ಚರಿಸಬೇಕಾಯಿತು.

ಇನ್ನು ನಕ್ಷತ್ರಗಳ ಮತ್ತು ಹೊಗಳಿಕೆಗಳ ವಿಷಯ. ಕೊಳ್ಳುವ ಉದ್ದೇಶವಿಲ್ಲದೆಯೇ ಬೆಲೆ ಏರಿಸಿ ಕೂಗಿ ಇತರರನ್ನು ಮರುಳುಗೊಳಿಸುವುದನ್ನು ಅರಬಿಯಲ್ಲಿ 'ನಜ್‌ಶ್' ಎನ್ನುತ್ತಾರೆ. ಪ್ರವಾದಿ(ಸ)ಯವರು ಅದನ್ನು ನಿಷೇಧಿಸಿದ್ದಾರೆ. ಕೊಳ್ಳದವನು ಹಣ ಪಡೆದು "ಬಹಳ ಚೆನ್ನಾಗಿದೆ" ಎಂದು ಬರೆಯುವ ಸುಳ್ಳು ಅಭಿಪ್ರಾಯವೂ ಅದೇ ಜಾತಿಗೆ ಸೇರಿದ್ದಲ್ಲವೇ? ಹಣಕ್ಕಾಗಿ ಇಂತಹ ಅಭಿಪ್ರಾಯ ಬರೆಯುವ ಕೆಲಸಕ್ಕೆ ನಮ್ಮ ಯುವಕರು ಕೈ ಹಾಕಬಾರದು. ಓದುವಾಗ ಹೊಗಳಿಕೆಗಳನ್ನು ಬಿಟ್ಟು ದೂರುಗಳನ್ನು ಮೊದಲು ಓದಿರಿ. ಮಾರುವವನ ಹೆಸರು ವಿಳಾಸ, ಹಿಂದಿರುಗಿಸುವ ಷರತ್ತು ಇವುಗಳನ್ನು ಹಣ ಕೊಡುವ ಮೊದಲೇ ನೋಡಿರಿ.

ಕಾಣದ ವಸ್ತುವಿನ ವ್ಯಾಪಾರವನ್ನು ನಮ್ಮ ಫಿಕ್ಹ್ ವಿದ್ವಾಂಸರು ಶತಮಾನಗಳ ಹಿಂದೆಯೇ ಚರ್ಚಿಸಿದ್ದಾರೆ. ಹನಫೀ ಮದ್‌ಹಬ್‌ನಲ್ಲಿ ಕಾಣದೆ ಕೊಂಡವನಿಗೆ ಕಂಡ ಬಳಿಕ ಒಪ್ಪುವ ಅಥವಾ ಬಿಡುವ ಹಕ್ಕಿದೆ. ಶಾಫಿಈ ವಿದ್ವಾಂಸರು ಈ ವಿಷಯದಲ್ಲಿ ಇನ್ನಷ್ಟು ಬಿಗಿ. ವಸ್ತುವಿನಲ್ಲಿ ಮುಚ್ಚಿಟ್ಟ ದೋಷವಿದ್ದರೆ ಅದನ್ನು ಹಿಂದಿರುಗಿಸುವ ಹಕ್ಕನ್ನು ಎಲ್ಲರೂ ಒಪ್ಪಿದ್ದಾರೆ. ಅಂದರೆ ರಾಶಿಯೊಳಗೆ ಕೈ ಹಾಕುವ ಅವಕಾಶ ಕೊಳ್ಳುವವನಿಗೆ ಎಲ್ಲಾದರೂ ಒಂದು ಹಂತದಲ್ಲಿ ಸಿಗಲೇಬೇಕು. ಹಿಂದಿರುಗಿಸಲು ಅವಕಾಶವಿಲ್ಲದ ಹೆಲ್ಮೆಟನ್ನು ಆನ್‌ಲೈನಿನಲ್ಲಿ ಕೊಳ್ಳದಿರುವುದೇ ಕ್ಷೇಮ.

ಕೊಳ್ಳುವವನೂ ವಂಚಕನಾಗಬಲ್ಲ

ವಂಚನೆಯೆಂದ ಕೂಡಲೇ ನಮ್ಮ ಕಣ್ಣು ಮಾರುವವನ ಕಡೆ ಹೋಗುತ್ತದೆ. ಆದರೆ ಈ ದೃಶ್ಯವನ್ನು ನೋಡಿ. ಯುವಕನೊಬ್ಬ ಅಂಗಡಿಗೆ ಬರುತ್ತಾನೆ. ಅಂಗಡಿಯವನು ಅಟ್ಟದಿಂದ ಎಂಟು ಹೆಲ್ಮೆಟ್‌ಗಳನ್ನು ಇಳಿಸುತ್ತಾನೆ, ಅಳತೆ ತೆಗೆಯುತ್ತಾನೆ, ಒಂದೊಂದನ್ನೂ ಹಾಕಿ ತೋರಿಸುತ್ತಾನೆ. ಅರ್ಧ ಗಂಟೆ ಕಳೆಯುತ್ತದೆ. ಕೊನೆಗೆ ಸರಿಯಾದುದೊಂದು ಸಿಗುತ್ತದೆ. ಯುವಕ ಅದರ ಚೀಟಿಯ ಫೋಟೊ ತೆಗೆದುಕೊಂಡು "ನಾಳೆ ಬರುತ್ತೇನೆ" ಎಂದು ಹೊರಡುತ್ತಾನೆ. ಬಾಗಿಲು ದಾಟುವ ಮೊದಲೇ ಅದೇ ಹೆಲ್ಮೆಟನ್ನು ಮೊಬೈಲಿನಲ್ಲಿ ಇನ್ನೂರು ರೂಪಾಯಿ ಕಡಿಮೆಗೆ ತರಿಸಲು ಹೇಳಿಬಿಡುತ್ತಾನೆ. ಆ ಯುವಕ ನಿಮ್ಮ ಮಗನೂ ಆಗಿರಬಹುದು, ನೀವೇ ಆಗಿರಬಹುದು.

ನಾಲ್ಕು ಕಡೆ ಬೆಲೆ ವಿಚಾರಿಸುವುದು ತಪ್ಪಲ್ಲ. ಕೊಳ್ಳುವ ಮನಸ್ಸಿನಿಂದ ಬಂದು, ಹೊಂದದೆ ಹಿಂದಿರುಗುವುದೂ ತಪ್ಪಲ್ಲ. ಆದರೆ ಬೇರೆ ಕಡೆ ಕೊಳ್ಳುವುದೆಂದು ಮೊದಲೇ ನಿಶ್ಚಯಿಸಿ, ಗಿರಾಕಿಯ ವೇಷದಲ್ಲಿ ಬಂದು, ಅಂಗಡಿಯವನ ದುಡಿಮೆಯನ್ನೂ ತಿಳುವಳಿಕೆಯನ್ನೂ ಪುಕ್ಕಟೆಯಾಗಿ ಪಡೆದು, "ನಾಳೆ ಬರುತ್ತೇನೆ" ಎಂಬ ಸುಳ್ಳಿನಿಂದ ಮುಗಿಸುವುದು ಪ್ರಾಮಾಣಿಕತೆಯೇ? ಅಂಗಡಿಯ ಬಾಡಿಗೆ, ಕರೆಂಟ್ ಬಿಲ್ಲು, ಕೆಲಸದ ಹುಡುಗನ ಸಂಬಳ ಇವೆಲ್ಲ ಆ ಇನ್ನೂರು ರೂಪಾಯಿಯಲ್ಲೇ ಸೇರಿದ್ದವು.

ಇದಕ್ಕೆ ನೇರವಾದ ದಾರಿ ಇದೆ. "ಕಾಕಾ, ಇದೇ ಹೆಲ್ಮೆಟ್ ಆನ್‌ಲೈನಿನಲ್ಲಿ ಇಷ್ಟಕ್ಕಿದೆ. ನೀವು ಎಷ್ಟಕ್ಕೆ ಕೊಡುತ್ತೀರಿ?" ಎಂದು ಬಾಯಿಬಿಟ್ಟು ಕೇಳಿ. ಅನೇಕ ವೇಳೆ ಅವನು ಬೆಲೆ ಇಳಿಸುತ್ತಾನೆ. ಸ್ವಲ್ಪ ವ್ಯತ್ಯಾಸ ಉಳಿದರೆ ಅದನ್ನು ಅವನ ಸೇವೆಯ ಕೂಲಿಯೆಂದು ಸಂತೋಷದಿಂದ ಕೊಡಿ. ವ್ಯತ್ಯಾಸ ನಿಮ್ಮ ಶಕ್ತಿ ಮೀರಿದ್ದರೆ ಅದನ್ನೂ ಮರ್ಯಾದೆಯಿಂದ ತಿಳಿಸಿ ಬನ್ನಿ. ಮಾರುವಾಗಲೂ ಕೊಳ್ಳುವಾಗಲೂ ಉದಾರವಾಗಿ ನಡೆದುಕೊಳ್ಳುವವನ ಮೇಲೆ ಅಲ್ಲಾಹನ ಕರುಣೆಯಿರಲೆಂದು ಪ್ರವಾದಿ(ಸ)ಯವರು ಪ್ರಾರ್ಥಿಸಿದ್ದಾರೆಂಬುದನ್ನು ಮರೆಯದಿರೋಣ.

ಇನ್ನೊಂದು ಬಗೆಯ ವಂಚನೆಯೂ ಇದೆ. ಜಾಕೆಟ್ ತರಿಸಿ, ಗೆಳೆಯರೊಂದಿಗೆ ಮಡಿಕೇರಿಗೋ ಚಿಕ್ಕಮಗಳೂರಿಗೋ ಒಂದು ಸುತ್ತು ಹೋಗಿ ಬಂದು, ಒರೆಸಿ ಮಡಚಿ "ಅಳತೆ ಸರಿಯಿಲ್ಲ" ಎಂದು ಹಿಂದಿರುಗಿಸುವುದು. ಹೆಲ್ಮೆಟನ್ನು ನೆಲಕ್ಕೆ ಬೀಳಿಸಿ, ಅದನ್ನು ಮುಚ್ಚಿಟ್ಟು ಹಿಂದಿರುಗಿಸುವುದು ಇನ್ನೂ ಘೋರ. ಅದು ಮತ್ತೆ ಹೊಸದೆಂದು ಇನ್ನೊಬ್ಬನ ತಲೆಗೆ ಹೋಗಬಹುದು. ಆ ನೆನೆದ ಧಾನ್ಯವನ್ನು ಅಡಿಯಲ್ಲಿ ಮುಚ್ಚಿಟ್ಟವನು ಈಗ ನಾವೇ ಆದೆವು! ದೊಡ್ಡ ಕಂಪೆನಿಗೆ ಇದರಿಂದ ಏನೂ ಆಗದೆಂದು ಸಮಾಧಾನಪಟ್ಟುಕೊಳ್ಳಬೇಡಿ. ನಷ್ಟ ಅನೇಕ ವೇಳೆ ಅದರ ಮೂಲಕ ಮಾರುವ ಸಣ್ಣ ವ್ಯಾಪಾರಿಯ ತಲೆಗೇ ಬರುತ್ತದೆ. ಕೊಳ್ಳುವವನೂ ಮಾರುವವನೂ ಸತ್ಯ ನುಡಿದು ದೋಷವನ್ನು ಬಿಚ್ಚಿಟ್ಟರೆ ವ್ಯಾಪಾರದಲ್ಲಿ ಬರಕತ್ ಇರುತ್ತದೆ, ಮುಚ್ಚಿಟ್ಟರೆ ಬರಕತ್ ಅಳಿಸಿಹೋಗುತ್ತದೆ ಎಂಬ ಬೋಧನೆ ಇಬ್ಬರಿಗೂ ಸೇರಿದ್ದು.

ಮೋಸ ಹೋದರೆ ಸುಮ್ಮನಿರಬೇಡಿ

ನೀವು ವಂಚಿಸಬಾರದು, ವಂಚನೆಗೊಳಗಾದರೆ ಸುಮ್ಮನಿರಲೂ ಬಾರದು. ಏಕೆಂದರೆ ನಿಮ್ಮ ಮೌನದಿಂದ ಮುಂದಿನವನ ಜೀವಕ್ಕೆ ಅಪಾಯ. ಅಂಗಡಿಯಲ್ಲಿ ಬಿಲ್ಲು ಕೇಳಿ ಪಡೆಯಿರಿ. ಪಾರ್ಸೆಲನ್ನು ಬಿಚ್ಚುವಾಗ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ರಸ್ತೆಗಿಳಿಯುವ ಮುನ್ನ ಮನೆಯೊಳಗೇ ಪರೀಕ್ಷಿಸಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಸಂಸ್ಥೆಯು ದೂರನ್ನು 48 ಗಂಟೆಯೊಳಗೆ ಸ್ವೀಕರಿಸಿದ್ದಾಗಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ದೋಷವಿರುವ ವಸ್ತುವನ್ನು ಹಿಂದಕ್ಕೆ ಪಡೆಯಲು ಮಾರುವವನು ನಿರಾಕರಿಸುವಂತಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಮಾರುವವನು ದೆಹಲಿಯಲ್ಲಿದ್ದರೂ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು.

ಕೊನೆಯದಾಗಿ

ಹಾಗಾದರೆ ಎಲ್ಲಿ ಕೊಳ್ಳಬೇಕು? ಹೆಲ್ಮೆಟನ್ನು ಸಾಧ್ಯವಾದಷ್ಟು ಅಂಗಡಿಯಲ್ಲಿ, ತಲೆಗೆ ಹಾಕಿ ನೋಡಿಯೇ ಕೊಳ್ಳಿ. ಊರಿನಲ್ಲಿ ಸಿಗದ ಅಳತೆ, ಮಕ್ಕಳ ಸಾಮಗ್ರಿ, ಜಾಕೆಟ್, ಬೂಟುಗಳನ್ನು ಹಿಂದಿರುಗಿಸುವ ಅವಕಾಶವಿರುವಲ್ಲಿ ತರಿಸಿಕೊಳ್ಳಿ. ಎಲ್ಲಿ ಕೊಂಡರೂ ಪರವಾನಗಿ ಸಂಖ್ಯೆಯನ್ನು ಪರೀಕ್ಷಿಸಿ. ಹಣ ಸಾಲದಿದ್ದರೆ ಬಡ್ಡಿಯ ಕಂತಿಗೆ ಕೈಯೊಡ್ಡದೆ, ಚಿತ್ತಾರಗಳಿಲ್ಲದ ಸಾದಾ ಐಎಸ್‌ಐ ಹೆಲ್ಮೆಟನ್ನೇ ಆರಿಸಿಕೊಳ್ಳಿ. ಚಿತ್ತಾರ ತಲೆಯನ್ನು ಕಾಯುವುದಿಲ್ಲ.

ಇಂದು ಸಂಜೆ ಮನೆಯಲ್ಲಿರುವ ಹೆಲ್ಮೆಟನ್ನು ಕೈಗೆತ್ತಿಕೊಳ್ಳಿ. ಒಳಗಿನ ಬಟ್ಟೆಯನ್ನು ಸರಿಸಿ ಥರ್ಮೋಕೋಲ್ ಇದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ. ಆ ಬಳಿಕ ನಿಮ್ಮ ಹಿಂದೆ ಕುಳಿತುಕೊಳ್ಳುವವರ ಹೆಲ್ಮೆಟ್ ಎಲ್ಲಿದೆಯೆಂದು ಹುಡುಕಿ. ಅದು ಇಲ್ಲವೆಂದಾದರೆ, ನಾಳೆ ಅವರನ್ನೂ ಕರೆದುಕೊಂಡು ಅಂಗಡಿಗೆ ಹೋಗಿ.

ನಮಗೆ ಒಪ್ಪಿಸಿದ ಅಮಾನತ್ತುಗಳನ್ನು ಕಾಪಾಡುವ ಶಕ್ತಿಯನ್ನು ಅಲ್ಲಾಹನು ನಮಗೆ ದಯಪಾಲಿಸಲಿ. ಆಮೀನ್.